ನೂರು ಜನರ ಸರ್ವೆ, ಕೈ ಸ್ಕ್ವೇರ್ 3.846: ಯಾವ ಸಾಲು ಬರೆಯಬೇಕು?

ಕೋಡಿಬಾಗದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಕಾರವಾರದವಳು, ಎಂ.ಎ. ಸಮಾಜಶಾಸ್ತ್ರ, ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ವಿಷಯ ಮೀನು ಮಾರುವ ಹೆಂಗಸರು ಮತ್ತು ಸ್ವಸಹಾಯ ಸಂಘ. ಸಂಘದಲ್ಲಿರುವವರು ಮನೆ ಖರ್ಚಿನ ತೀರ್ಮಾನ ತಾವೇ ಮಾಡುತ್ತಾರಾ ಅನ್ನುವುದು ನನ್ನ ಪ್ರಶ್ನೆ. ನೂರು ಜನರನ್ನು ಮಾತಾಡಿಸಿದ್ದೇನೆ. ನಿಜವಾದ ಅಂಕಿ ಎಲ್ಲೂ ಹಾಕಬೇಡ ಅಂತ ಗೈಡ್ ಹೇಳಿದ್ದಾರೆ. ಹಾಗಾಗಿ ಅದೇ ತರಹದ ಅಣಕು ಅಂಕಿ ಮಾಡಿಕೊಂಡು ಕೇಳುತ್ತಿದ್ದೇನೆ.

ಸಂಘದ ಸದಸ್ಯರು 60. ತೀರ್ಮಾನ ನನ್ನದೇ ಅಂದವರು 36, ಅಲ್ಲ ಅಂದವರು 24.
ಸದಸ್ಯರಲ್ಲದವರು 40. ನನ್ನದೇ ಅಂದವರು 16, ಅಲ್ಲ ಅಂದವರು 24.

ಎಸ್‌ಪಿಎಸ್‌ಎಸ್‌ಗೆ (ಅಂಕಿ ಲೆಕ್ಕ ಮಾಡುವ ಸಾಫ್ಟ್‌ವೇರ್) ಹಾಕಿದರೆ ಮೊದಲ ಸಾಲಿನಲ್ಲಿ ಪಿಯರ್ಸನ್ ಕೈ ಸ್ಕ್ವೇರ್ (ಎರಡು ವಿಷಯಗಳಿಗೆ ಸಂಬಂಧ ಇದೆಯಾ ಅಂತ ನೋಡುವ ಪರೀಕ್ಷೆ) 3.846, ಪಕ್ಕದಲ್ಲಿ ಪಿ ವ್ಯಾಲ್ಯೂ .050 ಅಂತ ಬರುತ್ತದೆ. ಪಿ ವ್ಯಾಲ್ಯೂ ಅಂದರೆ ಸಂಬಂಧ ಏನೂ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ಹೆಚ್ಚು ವ್ಯತ್ಯಾಸ ಆಕಸ್ಮಿಕವಾಗಿ ಬರುವ ಸಂಭವ. ಅದು 0.05ಕ್ಕಿಂತ ಕಡಿಮೆ ಇದ್ದರೆ ಪ್ರಾಕಲ್ಪನೆ (ಹೈಪೋಥಿಸಿಸ್) ನಿಂತಿತು ಅನ್ನುವುದು ರೂಢಿ. ಕೆಳಗೆ ಕಂಟಿನ್ಯೂಟಿ ಕರೆಕ್ಷನ್ ಅಂತ ಇನ್ನೊಂದು ಸಾಲು. ಅಲ್ಲಿ 3.087, .079. ಮೊದಲ ಸಾಲು ಬರಿ, ಪ್ರಾಕಲ್ಪನೆ ಸಾಬೀತಾಯಿತು ಅನ್ನು ಅಂತಾರೆ ಗೈಡ್. ಎರಡು ಬೈ ಎರಡು ಟೇಬಲ್‌ಗೆ ಕೆಳಗಿನ ಸಾಲೇ ಬರೆಯಬೇಕು ಅಂತಾಳೆ ಗೆಳತಿ. ಅದನ್ನು ಬರೆದರೆ ಪ್ರಾಕಲ್ಪನೆ ಬಿದ್ದೇ ಹೋಯಿತು. ಅದಿರಲಿ, .050 ಅಂದರೆ 0.05ಕ್ಕಿಂತ ಕಡಿಮೆಯೋ, ಸಮವೋ? ಮುಂದಿನ ತಿಂಗಳು ವೈವಾ. ಯಾರಾದರೂ ಬಿಡಿಸಿ ಹೇಳುತ್ತೀರಾ?

ರಾತ್ರಿಬಸ್ಸು:
ಊರು ಅಂಕೋಲಾ, ಕೆಲಸ ಬೆಂಗಳೂರಲ್ಲಿ, ದಿನವಿಡೀ ಇದೇ ಲೆಕ್ಕ. ಮೊದಲು ಸುಲಭದ್ದು. ಟೇಬಲ್ ಮೇಲೆ ಎರಡು ಸಲ ಒತ್ತಿ, ಆಮೇಲೆ ಆ .050 ಮೇಲೆ ಇನ್ನೆರಡು ಸಲ ಒತ್ತಿ. ಪೂರ್ತಿ ಅಂಕಿ ಕಾಣುತ್ತದೆ. 0.0499 ಇರುತ್ತದೆ. ಅಂದರೆ ಕೂದಲೆಳೆಯಷ್ಟು ಕಡಿಮೆ.

ಎರಡನೇ ಸಾಲಿನ ತಿದ್ದುಪಡಿ ಯೇಟ್ಸ್ ಅನ್ನುವವರು 1934ರಲ್ಲಿ ಹೇಳಿದ್ದು. ಅಂಕಿ ಚಿಕ್ಕದಿದ್ದಾಗ ಅದಕ್ಕೆ ಅರ್ಥ ಇದೆ. ನಿಮ್ಮದು ಚಿಕ್ಕದಾ ಅಂತ ನೋಡಲು ನಿರೀಕ್ಷಿತ ಅಂಕಿ ಲೆಕ್ಕ ಹಾಕಬೇಕು. ನೂರರಲ್ಲಿ ಒಟ್ಟು 52 ಜನ ಹೌದು ಅಂದಿದ್ದಾರೆ. ಸಂಘಕ್ಕೂ ಉತ್ತರಕ್ಕೂ ಏನೇನೂ ಸಂಬಂಧ ಇಲ್ಲ ಅಂತ ಒಂದು ಗಳಿಗೆ ಅಂದುಕೊಳ್ಳಿ. ಆಗ ಸದಸ್ಯರಲ್ಲೂ ನೂರಕ್ಕೆ 52, ಉಳಿದವರಲ್ಲೂ ನೂರಕ್ಕೆ 52 ಇರಬೇಕಿತ್ತು. 60ರಲ್ಲಿ 31.2, 40ರಲ್ಲಿ 20.8. ಇಲ್ಲ ಅಂದವರದು 28.8 ಮತ್ತು 19.2. ನಿಮಗೆ ಸಿಕ್ಕಿದ್ದಕ್ಕೂ ಇದಕ್ಕೂ ಟೇಬಲ್ಲಿನ ಪ್ರತಿ ಚೌಕದಲ್ಲಿ 4.8 ವ್ಯತ್ಯಾಸ. ಅದರ ವರ್ಗ 23.04. ಅದನ್ನು ಒಂದೊಂದು ನಿರೀಕ್ಷಿತ ಅಂಕಿಯಿಂದ ಭಾಗಿಸಿ ಕೂಡಿಸಿ, 3.846 ಬರುತ್ತದೆ. ಎಸ್‌ಪಿಎಸ್‌ಎಸ್ ಒಳಗೆ ನಡೆಯುವುದು ಇಷ್ಟೇ.

ಅತಿ ಚಿಕ್ಕ ನಿರೀಕ್ಷಿತ ಅಂಕಿ 19.2. ಸಾಮಾನ್ಯವಾಗಿ 5ಕ್ಕಿಂತ ಕೆಳಗೆ ಹೋದರೆ ಮಾತ್ರ ತಲೆಬಿಸಿ. ಹಾಗಾಗಿ ಮೊದಲ ಸಾಲು ಬರೆದರೆ ತಪ್ಪಿಲ್ಲ.

ಆದರೆ ಒಂದು ಮಾಡಿ ನೋಡಿ. 36ರಲ್ಲಿ ಒಬ್ಬಾಕೆಯನ್ನು ಹೌದಿನಿಂದ ತೆಗೆದು ಇಲ್ಲಕ್ಕೆ ಹಾಕಿ. 35, 25. ಕೈ ಸ್ಕ್ವೇರ್ 3.23ಕ್ಕೆ ಇಳಿಯುತ್ತದೆ, ಪಿ 0.07 ದಾಟುತ್ತದೆ. ಒಬ್ಬ ಹೆಂಗಸು ಆ ದಿನ ಬೇರೆ ಮನಸ್ಥಿತಿಯಲ್ಲಿದ್ದಿದ್ದರೆ ನಿಮ್ಮ ಐದನೇ ಅಧ್ಯಾಯವೇ ತಿರುಗಿ ಬೀಳುತ್ತಿತ್ತು. ಹಾಗಾಗಿ ಸಾಬೀತಾಯಿತು, ಬಿದ್ದುಹೋಯಿತು ಅನ್ನುವ ಮಾತೇ ಬೇಡ. ಹೀಗೆ ಬರೆಯಿರಿ: ಸದಸ್ಯರಲ್ಲಿ 60%, ಉಳಿದವರಲ್ಲಿ 40%, ವ್ಯತ್ಯಾಸ 20 ಅಂಶ, 95% ವಿಶ್ವಾಸಾಂತರ (ನಿಜವಾದ ವ್ಯತ್ಯಾಸ ಇರಬಹುದಾದ ವ್ಯಾಪ್ತಿ) ಸುಮಾರು 0.4ರಿಂದ 39.6. ಓದಿದವರಿಗೆ ತಾನೇ ಗೊತ್ತಾಗುತ್ತದೆ. ವ್ಯತ್ಯಾಸ ಏನೂ ಇಲ್ಲದಿರಬಹುದು, ಭಾರೀ ಇರಲೂಬಹುದು, ನೂರು ಜನರಿಂದ ಇದಕ್ಕಿಂತ ಜಾಸ್ತಿ ಹೇಳಲಿಕ್ಕೆ ಬರುವುದಿಲ್ಲ.

ಎಂಎಸ್‌ಡಬ್ಲ್ಯೂ ಕುಮಟಾ:
ಅಣ್ಣ, ನೀವು ಹೇಳಿದ್ದೆಲ್ಲ ಸರಿ. ಆದರೆ ವೈವಾಕ್ಕೆ ಬರುವವರು ಕೇಳುವುದು ಒಂದೇ, ಹೈಪೋಥಿಸಿಸ್ ಅಕ್ಸೆಪ್ಟೋ ರಿಜೆಕ್ಟೋ? ವಿಶ್ವಾಸಾಂತರ ಅಂದರೆ ಮುಖ ನೋಡುತ್ತಾರೆ. ಮೊದಲ ಸಾಲು ಬರೆದು ಮುಗಿಸು ಮಾರಾಯ್ತಿ.

ಶಿರಸಿ ಮಾಸ್ತರು:
ಅರ್ಥಶಾಸ್ತ್ರ ಕಲಿಸಿ ನಿವೃತ್ತನಾದವನು. ಸುಮ್ನೆ ಓದಿಕೊಂಡು ಹೋಗೋಣ ಅಂದುಕೊಂಡಿದ್ದೆ, ಆಗಲಿಲ್ಲ.

ಈ 5% ಅನ್ನುವ ಗೆರೆ ಯಾವ ದೇವರು ಕೊಟ್ಟದ್ದೂ ಅಲ್ಲ. ಸಂಖ್ಯಾಶಾಸ್ತ್ರಜ್ಞ ಫಿಶರ್ 1925ರಲ್ಲಿ ಅದನ್ನು ಹೇಳಿದ್ದೇ ಅನುಕೂಲದ ಮಾತಾಗಿ, ಇಪ್ಪತ್ತಕ್ಕೆ ಒಂದು ಅಂತ ಇಟ್ಟುಕೊಂಡರೆ ಕೆಲಸ ನಡೆಯುತ್ತದೆ ಅಂತ. ಆಗ ಕಂಪ್ಯೂಟರ್ ಇರಲಿಲ್ಲ, ಛಾಪಿಸಿದ ಕೋಷ್ಟಕ ನೋಡಿ ಕೆಲಸ ಮಾಡುವ ಕಾಲ. ಅನುಕೂಲಕ್ಕೆ ಇಟ್ಟದ್ದು ನಮ್ಮಲ್ಲಿ ಶಾಸನವಾಗಿ ಕೂತಿದೆ.

ಹುಡುಗೀ, ನನ್ನ ಪ್ರಶ್ನೆ ಬೇರೆ. ಆ ನೂರು ಜನ ನಿನಗೆ ಎಲ್ಲಿ ಸಿಕ್ಕಿದರು? ಯಾವ ತಿಂಗಳು? ಪಟ್ಟಿ ಇಟ್ಟುಕೊಂಡು ಆರಿಸಿದೆಯಾ, ಕಣ್ಣಿಗೆ ಬಿದ್ದವರನ್ನು ಕೇಳಿದೆಯಾ? ಪಿ ವ್ಯಾಲ್ಯೂ ಆಮೇಲೆ ನೋಡೋಣ.

ಕೋಡಿಬಾಗದ ಹುಡುಗಿ:
ಮಾಸ್ತರೇ, ಸದಸ್ಯರು ಸಿಕ್ಕಿದ್ದು ಸಂಘದ ಮೀಟಿಂಗಿನಲ್ಲಿ. ಪರಿಚಯದ ಒಬ್ಬರು ಅಲ್ಲಿಗೆ ಕರೆದುಕೊಂಡು ಹೋದರು, ಅಲ್ಲೇ ಕೂತು ತುಂಬಿಸಿಕೊಂಡೆ. ಸದಸ್ಯರಲ್ಲದವರು ಮೀನು ಮಾರ್ಕೆಟ್ಟಿನಲ್ಲಿ, ಬೆಳಿಗ್ಗೆ ಎಂಟರಿಂದ ಹನ್ನೊಂದರ ಒಳಗೆ. ಜೂನ್ ತಿಂಗಳು, ಕಾಲೇಜಿಗೆ ರಜೆ ಇತ್ತು. ಸಿನಾಪ್ಸಿಸ್‌ನಲ್ಲಿ ಸಿಂಪಲ್ ರ‍್ಯಾಂಡಮ್ ಸ್ಯಾಂಪ್ಲಿಂಗ್ ಅಂತ ಇದೆ. ನಮ್ಮ ಬ್ಯಾಚಿನಲ್ಲಿ ಎಲ್ಲರದೂ ಹಾಗೇ ಇದೆ.

ಬೈತಖೋಲ್ ಬಲೆ:
ನಾನು ಓದಿದ್ದು ಪಿಯುಸಿ. ನಿಮ್ಮ ಕೈ ಸ್ಕ್ವೇರ್ ನನಗೆ ಗೊತ್ತಿಲ್ಲ. ಆದರೆ ನಮ್ಮ ಮನೆಯ ಹೆಂಗಸರು ಮೂರು ತಲೆಮಾರಿನಿಂದ ಮೀನು ಮಾರುತ್ತಾರೆ. ಅದರ ಮೇಲೆ ಹೇಳುತ್ತೇನೆ.

ಬೆಳಿಗ್ಗೆ ಎಂಟು ಗಂಟೆಗೆ ಮಾರ್ಕೆಟ್ಟಿನಲ್ಲಿ ಕೂತವರು ಅಂದರೆ ಕೂರಲು ಜಾಗ ಇದ್ದವರು. ಅದು ಎಲ್ಲರಿಗೂ ಸಿಗುವುದಿಲ್ಲ. ಅತ್ತೆಯ ಜಾಗ ಸೊಸೆಗೆ ಬರುತ್ತದೆ. ಜಾಗ ಇಲ್ಲದವರು ಬುಟ್ಟಿ ತಲೆ ಮೇಲೆ ಇಟ್ಟುಕೊಂಡು ಮನೆಮನೆಗೆ ಹೋಗುತ್ತಾರೆ. ಕೆಲವರು ಮೊದಲ ಬಸ್ಸು, ಟೆಂಪೋ ಹಿಡಿದು ಒಳಗಿನ ಹಳ್ಳಿಗೆ ಹೋಗಿಬಿಟ್ಟಿರುತ್ತಾರೆ. ನೀವು ಮಾರ್ಕೆಟ್ಟಿಗೆ ಕಾಲಿಡುವಾಗ ಅವರ ಅರ್ಧ ಬುಟ್ಟಿ ಖಾಲಿ. ಬಂದರಿನಲ್ಲಿ ಮೀನು ಆರಿಸುವವರು, ಒಣಮೀನು ಹಾಕುವವರು ಇನ್ನೊಂದು ಗುಂಪು. ಇವರಲ್ಲಿ ಯಾರೂ ನಿಮ್ಮ ಕಾಗದದಲ್ಲಿ ಇಲ್ಲ.

ಇನ್ನು ಜೂನ್. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ಬೋಟಿಗೆ ನಿಷೇಧ. ಟ್ರಾಲ್ ಬೋಟು, ಪರ್ಸೀನ್ ಬೋಟು ಎಲ್ಲ ದಡಕ್ಕೆ. ಮಾರ್ಕೆಟ್ಟಿಗೆ ನಾಡದೋಣಿಯ ಮೀನು, ಹೊಳೆ ಮೀನು, ಹೊರಗಿನ ಐಸ್ ಮೀನು. ಅರ್ಧಕ್ಕರ್ಧ ಹೆಂಗಸರು ಮಾರ್ಕೆಟ್ಟಿಗೆ ಬರುವುದೇ ಇಲ್ಲ. ಅದಕ್ಕಿಂತ ದೊಡ್ಡದು, ಆ ಎರಡು ತಿಂಗಳು ಗಂಡಸರು ಮನೆಯಲ್ಲೇ ಇರುತ್ತಾರೆ. ಆಗಸ್ಟ್ ನಂತರ ಗಂಡ ಬೋಟಿಗೆ ಹೋದ ಮೇಲೆ ಗ್ಯಾಸಿನಿಂದ ಹಿಡಿದು ಮದುವೆ ಉಡುಗೊರೆವರೆಗೆ ಎಲ್ಲ ಅವಳದೇ. ಜೂನಲ್ಲಿ ಕೇಳಿದರೆ ಅವರನ್ನೇ ಕೇಳಿ ಅನ್ನುತ್ತಾಳೆ. ಅದೇ ಹೆಂಗಸು, ಅದೇ ಮನೆ. ನಿಮ್ಮ ಟೇಬಲ್‌ನಲ್ಲಿ ಎರಡು ಬೇರೆ ಉತ್ತರ.

ಶಿರಸಿ ಮಾಸ್ತರು:
ಇವರು ಹೇಳಿದ್ದನ್ನು ಬರೆದಿಟ್ಟುಕೊ. ಪಿಯುಸಿ ಅಂತ ಯಾಕೆ ಮೊದಲೇ ಹೇಳಿಕೊಂಡಿರೋ ಗೊತ್ತಿಲ್ಲ ಬಲೆಯವರೇ, ವಿಧಾನದ ಅಧ್ಯಾಯ ಪೂರ್ತಿ ನೀವೇ ಬರೆದುಕೊಟ್ಟಿರಿ.

ರ‍್ಯಾಂಡಮ್ ಅನ್ನುವುದಕ್ಕೆ ಶಾಸ್ತ್ರದಲ್ಲಿ ಒಂದೇ ಅರ್ಥ. ಮೊದಲು ಎಲ್ಲರ ಪಟ್ಟಿ ಇರಬೇಕು. ಪಟ್ಟಿಯಲ್ಲಿರುವ ಪ್ರತಿಯೊಬ್ಬರಿಗೂ ಆಯ್ಕೆಯಾಗುವ ಅವಕಾಶ ಎಷ್ಟು ಅಂತ ಗೊತ್ತಿರಬೇಕು. ಚೀಟಿ ಎತ್ತುವುದೋ, ಕಂಪ್ಯೂಟರಿನಿಂದ ಸಂಖ್ಯೆ ತೆಗೆಯುವುದೋ ಆಮೇಲಿನ ಮಾತು. ಮಾರ್ಕೆಟ್ಟಿನಲ್ಲಿ ಎದುರು ಸಿಕ್ಕವರನ್ನು ಕೇಳಿದ್ದು ಅನುಕೂಲದ ಮಾದರಿ. ಹಾಗೆ ಮಾಡಿದ್ದೇ ಅಪರಾಧ ಅಲ್ಲ. ಮಾಡಿದ್ದನ್ನು ಬೇರೆ ಹೆಸರಿನಿಂದ ಕರೆಯಬಾರದು, ಅಷ್ಟೇ. 95% ವಿಶ್ವಾಸಾಂತರ, ಪಿ ವ್ಯಾಲ್ಯೂ ಎರಡೂ ರ‍್ಯಾಂಡಮ್ ಆಯ್ಕೆ ಅನ್ನುವ ನೆಲದ ಮೇಲೆ ನಿಂತಿವೆ. ನೆಲ ಇಲ್ಲದಿದ್ದರೆ ದಶಮಾಂಶ ನಾಲ್ಕು ಸ್ಥಾನದವರೆಗೆ ಬರೆದು ಏನು ಮಾಡುತ್ತೀ?

ಎಂಎಸ್‌ಡಬ್ಲ್ಯೂ ಕುಮಟಾ:
ಹಾಗಾದರೆ ನೂರರ ಬದಲು ನಾನೂರು ಮಾಡಿದರೆ ಸರಿಯಾಗುತ್ತಾ? ನಮ್ಮಲ್ಲಿ ಎಷ್ಟು ಜನರನ್ನು ಕೇಳಬೇಕು ಅಂತ ತಿಳಿಯಲು ಯಮಾನೆ ಫಾರ್ಮುಲಾ ಹಾಕಲೇಬೇಕು ಅಂತಾರೆ. ಅದೇ, ಒಟ್ಟು ಜನಸಂಖ್ಯೆಯನ್ನು ಒಂದು ಪ್ಲಸ್ ಜನಸಂಖ್ಯೆ ಗುಣಿಸು ತಪ್ಪಿನ ವರ್ಗದಿಂದ ಭಾಗಿಸುವುದು.

ರಾತ್ರಿಬಸ್ಸು:
ಆ ಫಾರ್ಮುಲಾವನ್ನು ಒಮ್ಮೆ ಕೈಯಲ್ಲಿ ಮಾಡಿ ನೋಡು ತಮ್ಮಾ. ತಪ್ಪು 5% ಅಂತ ಇಟ್ಟುಕೋ. ನಮ್ಮ ಜಿಲ್ಲೆಯ ಜನಸಂಖ್ಯೆ 2011ರ ಜನಗಣತಿಯಲ್ಲಿ 14,37,169. ಉತ್ತರ 400. ಈಗ ಒಂದೂವರೆ ಲಕ್ಷ ಜನ ಇರುವ ತಾಲೂಕು ಅಂದುಕೋ. ಉತ್ತರ 399. ಹತ್ತು ಸಾವಿರ ಜನರ ಊರಿಗೆ 385. ಸಾವಿರ ಜನರ ಕೇರಿಗೆ 286. ನೋಡಿದೆಯಾ, ಜನಸಂಖ್ಯೆ ದೊಡ್ಡದಾದ ಮೇಲೆ ಅದಕ್ಕೆ ಲೆಕ್ಕದಲ್ಲಿ ಬೆಲೆಯೇ ಇಲ್ಲ. ನಾನೂರು ಜನರನ್ನು ರ‍್ಯಾಂಡಮ್ ಆಗಿ ಆರಿಸಿದರೆ ಯಾವುದೇ ಶೇಕಡಾವಾರು ಸುಮಾರು 5 ಅಂಶದ ಆಚೀಚೆ ನಿಲ್ಲುತ್ತದೆ. ನೂರಾದರೆ 10 ಅಂಶ. ಫಾರ್ಮುಲಾ ಹೇಳುವುದು ಇಷ್ಟು.

ಹೇಗೆ ಆರಿಸಿದಿರಿ ಅನ್ನುವ ಬಗ್ಗೆ ಅದು ಒಂದಕ್ಷರವನ್ನೂ ಹೇಳುವುದಿಲ್ಲ. ಅದೇ ಮಾರ್ಕೆಟ್ಟಿನಲ್ಲಿ ನಾನೂರು ಜನರನ್ನು ಕೇಳಿದರೆ ಅದೇ ತಪ್ಪು ಉತ್ತರ ಇನ್ನೂ ಗಟ್ಟಿಯಾಗಿ ಸಿಗುತ್ತದೆ.

ಶಿರಸಿ ಮಾಸ್ತರು:
ಇದಕ್ಕೆ ಹಳೆಯ ಕಥೆ ಇದೆ, ಎಲ್ಲ ಪಠ್ಯದಲ್ಲೂ ಬರುತ್ತದೆ, ಆದರೂ ಹೇಳಿಬಿಡುತ್ತೇನೆ. 1936ರ ಅಮೆರಿಕದ ಅಧ್ಯಕ್ಷ ಚುನಾವಣೆ. ಲಿಟರರಿ ಡೈಜೆಸ್ಟ್ ಅನ್ನುವ ವಾರಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಚೀಟಿ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ಉತ್ತರ ಬಂತು. ರೂಸ್‌ವೆಲ್ಟ್ ಎದುರಾಳಿ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ವಿಳಾಸ ತೆಗೆದದ್ದು ಟೆಲಿಫೋನ್ ಡೈರೆಕ್ಟರಿಯಿಂದ, ಕಾರಿನ ನೋಂದಣಿಯಿಂದ. ಆ ಕಷ್ಟಕಾಲದಲ್ಲಿ ಫೋನು, ಕಾರು ಯಾರ ಮನೆಯಲ್ಲಿರುತ್ತದೆ? ಜೊತೆಗೆ, ಚೀಟಿ ಬಂದವರಲ್ಲಿ ತುಂಬಿ ವಾಪಸ್ ಕಳಿಸಿದವರು ನಾಲ್ಕರಲ್ಲಿ ಒಬ್ಬರು. ಕಳಿಸದವರ ಮನಸ್ಸು ಬೇರೆಯೇ ಇತ್ತು. ಅದಕ್ಕಿಂತ ಎಷ್ಟೋ ಚಿಕ್ಕ ಮಾದರಿ ಇಟ್ಟುಕೊಂಡ ಸಮೀಕ್ಷಕ ಗ್ಯಾಲಪ್ ಗೆಲ್ಲುವವರು ಯಾರು ಅಂತ ಸರಿಯಾಗಿ ಹೇಳಿದರು.

ಮನೆಮನೆ ಸರ್ವೆ:
ನಾನು ಸರ್ಕಾರಿ ಸರ್ವೆಗಳಲ್ಲಿ ಮನೆಮನೆ ತಿರುಗುವ ಕೆಲಸದವನು. ಮೇಲಿನವರು ಪುಸ್ತಕದ್ದು ಹೇಳಿದರು, ನಾನು ಬಾಗಿಲ ಮುಂದಿನದು ಹೇಳುತ್ತೇನೆ.

ನಮ್ಮಲ್ಲಿ ಮೊದಲು ಊರಿನ ಎಲ್ಲ ಮನೆ ಪಟ್ಟಿ ಮಾಡುತ್ತೇವೆ, ಆಮೇಲೆ ಆಯ್ಕೆ. ಆಯ್ಕೆಯಾದ ಮನೆಗೆ ಬೀಗ ಇದ್ದರೆ ಪಕ್ಕದ ಮನೆಗೆ ಹೋಗಿ ತುಂಬಿಸಿಕೊಂಡು ಬರಬೇಕು ಅಂತ ಆಸೆಯಾಗುತ್ತದೆ. ಹಾಗೆ ಮಾಡುವಂತಿಲ್ಲ. ಯಾಕೆಂದರೆ ಹಗಲು ಬೀಗ ಇರುವ ಮನೆ ಅಂದರೆ ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋದ ಮನೆ. ಪಕ್ಕದ ಮನೆಯಲ್ಲಿ ಸಿಗುವವರು ಕೆಲಸಕ್ಕೆ ಹೋಗದವರು. ನಾಲ್ಕು ಮನೆ ಹೀಗೆ ಬದಲಾಯಿಸಿದರೆ ಕೇರಿಯಲ್ಲಿ ದುಡಿಯುವ ಹೆಂಗಸರೇ ಇಲ್ಲ ಅಂತ ರಿಪೋರ್ಟ್ ಆಗುತ್ತದೆ. ಸಂಜೆ ಮತ್ತೆ ಹೋಗಬೇಕು, ಬೇರೆ ದಾರಿ ಇಲ್ಲ.

ತಂಗೀ, ನೀನು ಸಂಘದ ಮೀಟಿಂಗಿನಲ್ಲಿ ಕೇಳಿದ್ದು ನನಗೆ ಜಾಸ್ತಿ ಚಿಂತೆ. ಅಲ್ಲಿ ಅಧ್ಯಕ್ಷೆ ಪಕ್ಕದಲ್ಲೇ ಕೂತಿರುತ್ತಾಳೆ. ಹಿಂದಿನ ವಾರವಷ್ಟೇ ಸಬಲೀಕರಣದ ಭಾಷಣ ಆಗಿರುತ್ತದೆ. ನಿಮ್ಮ ಮನೆ ತೀರ್ಮಾನ ನಿಮ್ಮದೇನಾ ಅಂತ ಕೇಳಿದರೆ ಎಲ್ಲರ ಎದುರು ಯಾರು ಇಲ್ಲ ಅನ್ನುತ್ತಾರೆ? ಒಬ್ಬರು ಹೌದು ಅಂದರೆ ಸಾಲಾಗಿ ಹೌದು ಬೀಳುತ್ತದೆ. ಮಾರ್ಕೆಟ್ಟಿನವರನ್ನು ಒಬ್ಬೊಬ್ಬರನ್ನೇ ಕೇಳಿದ್ದೀಯಾ. ಎರಡು ಗುಂಪಿಗೆ ಎರಡು ತರಹ ಕೇಳಿದರೆ ವ್ಯತ್ಯಾಸ ಸಂಘದ್ದೋ ಕೇಳಿದ ಜಾಗದ್ದೋ?

ಇನ್ನೊಂದು. ಫಾರಂ ಹಿಡಿದು ಹೋದ ತಕ್ಷಣ ಲೋನ್ ಬರುತ್ತದಾ, ಮನೆ ಮಂಜೂರಿ ಆಗುತ್ತದಾ ಅಂತ ಕೇಳುತ್ತಾರೆ. ಇದು ಕಾಲೇಜಿನ ಕೆಲಸ, ಏನೂ ಬರುವುದಿಲ್ಲ, ಬೇಡ ಅಂದರೆ ಈಗಲೇ ಹೇಳಿ ಅಂತ ಮೊದಲೇ ಹೇಳು. ಹೇಳದಿದ್ದರೆ ಎಲ್ಲರೂ ಆದಾಯ ಕಡಿಮೆ ಮಾಡಿ ಹೇಳುತ್ತಾರೆ.

ಎಂಎಸ್‌ಡಬ್ಲ್ಯೂ ಕುಮಟಾ:
ಇಷ್ಟೆಲ್ಲ ಮಾಡುತ್ತಾ ಕೂತರೆ ಎಂ.ಎ. ಮುಗಿಯುವುದು ಯಾವಾಗ ಸ್ವಾಮಿ? ಅವಳ ಹತ್ತಿರ ಸರ್ಕಾರದ ಜೀಪ್ ಇಲ್ಲ, ತನಿಖೆದಾರರೂ ಇಲ್ಲ. ಬಸ್ ಪಾಸ್ ಇದೆ ಅಷ್ಟೇ.

ಮನೆಮನೆ ಸರ್ವೆ:
ಜೀಪ್ ನಮಗೂ ಇಲ್ಲ ತಮ್ಮಾ, ಬೈಕು. ಚಿಕ್ಕದಾಗಿ ಮಾಡಲಿ, ಆದರೆ ಸರಿಯಾಗಿ ಮಾಡಲಿ. ಕಾರವಾರ ತಾಲೂಕು ಅಂತ ದೊಡ್ಡ ಹೆಸರು ಬೇಡ, ಒಂದೇ ಕೇರಿ ತೆಗೆದುಕೊಳ್ಳಲಿ. ಪಂಚಾಯ್ತಿ ಮಟ್ಟದ ಒಕ್ಕೂಟದಲ್ಲಿ ಸಂಘದವರ ಪಟ್ಟಿ ಇರುತ್ತದೆ. ಅನುಮತಿ ಕೇಳಿ ನೋಡಲಿ. ಉಳಿದವರಿಗೆ ಮತದಾರರ ಪಟ್ಟಿ ಇದೆ. ಅದರಲ್ಲಿ ಮನೆ ನಂಬರ್ ಇರುತ್ತದೆ, ಮೀನು ಮಾರುವವರ ಮನೆ ಯಾವುದು ಅಂತ ಅಂಗನವಾಡಿ ಟೀಚರ್, ಆಶಾ ಕಾರ್ಯಕರ್ತೆ ಹೇಳುತ್ತಾರೆ. ಪಟ್ಟಿಯಲ್ಲಿ 240 ಹೆಸರು ಬಂತು, ಬೇಕಾದ್ದು 60 ಅಂದುಕೋ. ನಾಲ್ಕಕ್ಕೊಂದು. ಒಂದರಿಂದ ನಾಲ್ಕರೊಳಗೆ ಒಂದು ಚೀಟಿ ಎತ್ತು. ಮೂರು ಬಂದರೆ 3, 7, 11, 15 ಹೀಗೆ ಹೋಗು. ಆ ಹೆಸರಿನವರನ್ನೇ ಹುಡುಕು. ಸಿಗದವರು ಎಷ್ಟು, ಒಲ್ಲೆ ಅಂದವರು ಎಷ್ಟು, ಬರೆದಿಡು. ಆ ಎರಡು ಸಂಖ್ಯೆ ಕೊಟ್ಟ ಪ್ರಾಜೆಕ್ಟ್ ನಾನು ನೋಡಿದ್ದು ಬಹಳ ಕಡಿಮೆ.

ಶಿರಸಿ ಮಾಸ್ತರು:
ಜೀಪಿನ ಮಾತು ಬಂದದ್ದಕ್ಕೆ. ನಮ್ಮ ದೇಶದ ಸರ್ವೆಗೆ ಅಡಿಪಾಯ ಹಾಕಿದ ಮಹಾಲನೋಬಿಸ್ 1931ರಲ್ಲಿ ಕಲ್ಕತ್ತೆಯಲ್ಲಿ ಸಂಖ್ಯಾಶಾಸ್ತ್ರ ಸಂಸ್ಥೆ ಶುರು ಮಾಡಿದಾಗ ಅದು ಕಾಲೇಜಿನ ಒಂದು ಕೋಣೆ. ಬಂಗಾಳದ ಸೆಣಬಿನ ಬೆಳೆ ಅಂದಾಜು ಮಾಡುವಾಗ ಅವರು ಒಂದು ಉಪಾಯ ಮಾಡಿದರು. ಮಾದರಿಯನ್ನು ಎರಡು ಭಾಗ ಮಾಡಿ, ಅದೇ ಪ್ರದೇಶಕ್ಕೆ ಎರಡು ಬೇರೆ ತಂಡ ಕಳಿಸುವುದು. ಒಂದು ತಂಡಕ್ಕೆ ಇನ್ನೊಂದರ ಅಂಕಿ ಗೊತ್ತಿಲ್ಲ. ಎರಡರ ಉತ್ತರ ತೀರಾ ಬೇರೆ ಬಂದರೆ ದೋಷ ಬೆಳೆಯದಲ್ಲ, ಅಳೆದವರದು. ಮುಂದೆ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದಾಗಲೂ ಈ ಉಪಾಯ ಜೊತೆಗೆ ಬಂತು. ಹುಡುಗಿ ಗೆಳತಿಯನ್ನು ಕರೆದುಕೊಂಡು ಹೋಗಿ ಹತ್ತು ಹೆಂಗಸರನ್ನು ಅವಳು, ಹತ್ತು ಹೆಂಗಸರನ್ನು ಇವಳು ಕೇಳಿದರೂ ಈ ಪರೀಕ್ಷೆಯ ರುಚಿ ಸಿಗುತ್ತದೆ. ಖರ್ಚು ಒಂದು ಚಹಾ.

ಹೊನ್ನಾವರದ ಅಕ್ಕೋರು:
ಇಷ್ಟು ಹೊತ್ತು ಸುಮ್ಮನಿದ್ದೆ. ನನಗೆ ಪ್ರಶ್ನೆಯ ಬಗ್ಗೆಯೇ ತಕರಾರಿದೆ. ಮನೆ ಖರ್ಚಿನ ತೀರ್ಮಾನ ನೀವೇ ಮಾಡುತ್ತೀರಾ ಅಂತ ಒಂದೇ ಪ್ರಶ್ನೆ, ಹೌದು ಇಲ್ಲ ಎರಡೇ ಉತ್ತರ. ಬಂಗಡೆ ಎಷ್ಟಕ್ಕೆ ಕೊಡಬೇಕು ಅನ್ನುವುದೂ ತೀರ್ಮಾನ, ಮಗಳನ್ನು ಧಾರವಾಡಕ್ಕೆ ಓದಲು ಕಳಿಸುವುದೂ ತೀರ್ಮಾನ. ಆಕೆ ಯಾವುದನ್ನು ಯೋಚಿಸಿ ಹೌದು ಅಂದಳು?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಗೆ ಕೇಳುತ್ತದೆ ನೋಡು. 2019–21ರ ಐದನೇ ಸುತ್ತಿನಲ್ಲೂ ಇದೇ ಕ್ರಮ. ನಿಮ್ಮ ಆರೋಗ್ಯದ ಬಗ್ಗೆ, ಮನೆಗೆ ದೊಡ್ಡ ಸಾಮಾನು ಕೊಳ್ಳುವ ಬಗ್ಗೆ, ತವರು ನೆಂಟರ ಮನೆಗೆ ಹೋಗುವ ಬಗ್ಗೆ ಸಾಮಾನ್ಯವಾಗಿ ಯಾರು ತೀರ್ಮಾನ ಮಾಡುತ್ತಾರೆ? ಮುಖ್ಯವಾಗಿ ನೀವು, ಗಂಡ, ಇಬ್ಬರೂ ಸೇರಿ, ಅಥವಾ ಬೇರೆಯವರು. ಇಬ್ಬರೂ ಸೇರಿ ಅನ್ನುವ ಆಯ್ಕೆ ನಿನ್ನ ಫಾರಂನಲ್ಲಿ ಇಲ್ಲ. ಹಾಗೆ ಮಾಡುವ ಮನೆಯವರು ಹೌದಿಗೆ ಹೋದರೋ ಇಲ್ಲಕ್ಕೆ ಹೋದರೋ ಯಾರಿಗೂ ಗೊತ್ತಿಲ್ಲ.

ಗಮನಿಸಿದೆಯಾ, ಅವರು ಈ ಪ್ರಶ್ನೆ ಕೇಳುವುದು ಸದ್ಯ ವಿವಾಹಿತರಾಗಿರುವ ಹೆಂಗಸರಿಗೆ ಮಾತ್ರ. ನೀನು ಎಲ್ಲರಿಗೂ ಕೇಳಿದ್ದೀಯಾ. ಗಂಡ ತೀರಿಕೊಂಡವಳು, ಗಂಡ ಬಿಟ್ಟುಹೋದವಳು ತೀರ್ಮಾನ ಮಾಡದೆ ಇನ್ನು ಯಾರು ಮಾಡಬೇಕು? ಅಂಥವರೇ ಸಂಘಕ್ಕೆ ಮೊದಲು ಸೇರುವವರು, ಸಾಲಕ್ಕೆ ಬೇರೆ ದಿಕ್ಕಿಲ್ಲ. ಹಾಗಿದ್ದರೆ ಸಂಘ ಅವಳನ್ನು ಗಟ್ಟಿ ಮಾಡಿತೋ, ಗಟ್ಟಿಯಾಗಲೇಬೇಕಾದವಳು ಸಂಘಕ್ಕೆ ಬಂದಳೋ?

ರಾತ್ರಿಬಸ್ಸು:
ಅಕ್ಕೋರು ಹೇಳಿದ್ದನ್ನು ಅಂಕಿಯಲ್ಲಿ ತೋರಿಸುತ್ತೇನೆ. ನಿಮ್ಮ ಅಣಕು ಟೇಬಲನ್ನೇ ಎರಡು ಮಾಡುತ್ತೇನೆ. ಮೊತ್ತ ಬದಲಾಗಿಲ್ಲ, ಕೂಡಿಸಿ ನೋಡಿ.

ಒಬ್ಬಂಟಿಯಾಗಿ ಮನೆ ನಡೆಸುವವರು: ಸದಸ್ಯರು 30, ಹೌದು ಅಂದವರು 27. ಸದಸ್ಯರಲ್ಲದವರು 10, ಹೌದು 9.
ಗಂಡ ಮನೆಯಲ್ಲಿರುವವರು: ಸದಸ್ಯರು 30, ಹೌದು 9. ಸದಸ್ಯರಲ್ಲದವರು 30, ಹೌದು 7.

ಮೊದಲ ಗುಂಪಿನಲ್ಲಿ ಎರಡೂ ಕಡೆ 90%. ವ್ಯತ್ಯಾಸ ಸೊನ್ನೆ. ಎರಡನೆಯದರಲ್ಲಿ 30% ಮತ್ತು 23%. ಕೈ ಸ್ಕ್ವೇರ್ 0.34, ಅಂದರೆ ಏನೂ ಇಲ್ಲ ಅಂತಲೇ. 20 ಅಂಶದ ವ್ಯತ್ಯಾಸದಲ್ಲಿ ಬಹುಪಾಲು ಬಂದದ್ದೇ ಸದಸ್ಯರಲ್ಲಿ ಅರ್ಧ ಜನ ಒಬ್ಬಂಟಿ, ಉಳಿದವರಲ್ಲಿ ಕಾಲುಭಾಗ ಮಾತ್ರ ಒಬ್ಬಂಟಿ ಅನ್ನುವ ಕಾರಣಕ್ಕೆ. ಇದು ನಾನು ಬೇಕಂತಲೇ ಕಟ್ಟಿದ ಅಂಕಿ, ನಿಮ್ಮ ನಿಜವಾದ ಡೇಟಾ ಹಾಗಿರಬೇಕು ಅಂತಿಲ್ಲ. ವೈವಾಹಿಕ ಸ್ಥಿತಿ ಫಾರಂನಲ್ಲಿ ಇದ್ದೇ ಇರುತ್ತದಲ್ವಾ? ಕ್ರಾಸ್‌ಟ್ಯಾಬ್ಸ್ ಮಾಡುವಾಗ ಅದನ್ನು ಲೇಯರ್ ಜಾಗಕ್ಕೆ ಹಾಕಿ, ಪ್ರತಿ ಗುಂಪಿಗೂ ಬೇರೆ ಟೇಬಲ್ ಬರುತ್ತದೆ.

(ಒಬ್ಬಂಟಿ ಗುಂಪಿನಲ್ಲಿ ಇಲ್ಲ ಅಂದವರು ನಾಲ್ಕೇ ಜನ. ನಿರೀಕ್ಷಿತ ಅಂಕಿ 3 ಮತ್ತು 1. ಇಲ್ಲಿ ಕೈ ಸ್ಕ್ವೇರ್ ನಂಬಬಾರದು, ಚಿಕ್ಕ ಅಂಕಿಗೆ ಇರುವ ಫಿಶರ್ ಎಕ್ಸಾಕ್ಟ್ ಟೆಸ್ಟ್ ನೋಡಬೇಕು. ಹಾಗಂತ 90%, 90% ಅಂತ ಕಣ್ಣಿಗೇ ಕಾಣುವಾಗ ಯಾವ ಟೆಸ್ಟೂ ಬೇಡ.)

ಕೋಡಿಬಾಗದ ಹುಡುಗಿ:
ಈಗಷ್ಟೇ ಲೇಯರ್ ಹಾಕಿ ನೋಡಿದೆ. ಅಂಕಿ ಹೇಳುವಂತಿಲ್ಲ, ಆದರೆ ವ್ಯತ್ಯಾಸ ಬಹಳ ಕುಗ್ಗಿದೆ. ಪೂರ್ತಿ ಹೋಗಿಲ್ಲ. ಅಕ್ಕೋರೇ, ಒಬ್ಬಂಟಿಯವರು ಸಂಘದಲ್ಲೇ ಜಾಸ್ತಿ ಇದ್ದಾರೆ, ನೀವು ಹೇಳಿದ ಹಾಗೇ. ಹಾಗಾದರೆ ನನ್ನ ಪ್ರಾಜೆಕ್ಟ್ ವ್ಯರ್ಥವಾ?

ಹೊನ್ನಾವರದ ಅಕ್ಕೋರು:
ವ್ಯರ್ಥ ಯಾಕೆ? ಸಂಘಕ್ಕೆ ಯಾರು ಬರುತ್ತಾರೆ ಅನ್ನುವುದೇ ಈಗ ನಿನ್ನ ಕೈಯಲ್ಲಿರುವ ಒಳ್ಳೆಯ ಪ್ರಶ್ನೆ. ನೂರು ಫಾರಂ ಪಕ್ಕಕ್ಕಿಡು. ಒಬ್ಬಂಟಿಯವರಲ್ಲಿ ಐದಾರು ಜನ, ಗಂಡನ ಜೊತೆ ಇರುವವರಲ್ಲಿ ಐದಾರು ಜನ, ಇವರ ಹತ್ತಿರ ಮಧ್ಯಾಹ್ನ ಬಿಡುವಿದ್ದಾಗ ಕೂತು ಮಾತಾಡು. ತೀರ್ಮಾನ ಅಂತ ಕೇಳಬೇಡ. ಕಳೆದ ಸಲ ಬಂಗಾರ ಅಡವಿಟ್ಟದ್ದು ಯಾವಾಗ, ಯಾಕೆ, ಮೊದಲು ಆ ಮಾತು ತೆಗೆದವರು ಯಾರು, ಬ್ಯಾಂಕಿಗೆ ಹೋದವರು ಯಾರು, ಬಿಡಿಸಿಕೊಂಡ ದುಡ್ಡು ಎಲ್ಲಿಂದ ಬಂತು ಅಂತ ಕೇಳು. ಒಂದು ಘಟನೆಯನ್ನು ತುದಿಯಿಂದ ತುದಿಗೆ ಹೇಳಿಸು. ಸಂಘ ಸೇರುವ ಮೊದಲಿನದೊಂದು, ಆಮೇಲಿನದೊಂದು ಸಿಕ್ಕಿದರೆ ಇನ್ನೂ ಒಳ್ಳೆಯದು.

ಟಿಪ್ಪಣಿ ಅದೇ ರಾತ್ರಿ ಬರೆ, ಎರಡು ಕಡೆ ಇಡು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ ಮೈಸೂರು ಸೀಮೆಯ ಹಳ್ಳಿಯಲ್ಲಿ ಕೂತು ಮಾಡಿದ ಕೆಲಸದ ಸಿದ್ಧ ಟಿಪ್ಪಣಿಗಳು 1970ರಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ಬೆಂಕಿಗೆ ಹೋದವು. ಮೂರು ಪ್ರತಿ ಮಾಡಿದ್ದರು, ಮೂರೂ ಒಂದೇ ಕೋಣೆಯಲ್ಲಿದ್ದವು. ಅವರು ನೆನಪಿನಿಂದ ಬರೆದು ಗೆದ್ದರು. ನಮ್ಮ ನಿಮ್ಮಂಥವರಿಗೆ ಅದು ಆಗುವ ಕೆಲಸ ಅಲ್ಲ.

ಎಂಎಸ್‌ಡಬ್ಲ್ಯೂ ಕುಮಟಾ:
ನನ್ನದೂ ಒಂದು ಕೇಳಿಬಿಡುತ್ತೇನೆ. ನನ್ನ ಟೇಬಲ್‌ನಲ್ಲಿ ತಿಂಗಳ ಆದಾಯದ ಸರಾಸರಿಗಿಂತ ಸ್ಟ್ಯಾಂಡರ್ಡ್ ಡೀವಿಯೇಶನ್ (ಅಂಕಿಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಜಾಸ್ತಿ ಬಂದಿದೆ. ಟೈಪಿಂಗ್ ತಪ್ಪಾ?

ಶಿರಸಿ ಮಾಸ್ತರು:
ತಪ್ಪಿರಬಹುದು, ಮೊದಲು ಒಂದು ಸೊನ್ನೆ ಜಾಸ್ತಿ ಬಿದ್ದಿದೆಯಾ ನೋಡು. ಇಲ್ಲದಿದ್ದರೆ ಒಬ್ಬ ಬೋಟಿನ ಮಾಲೀಕ ಒಳಗೆ ಸೇರಿಕೊಂಡಿದ್ದಾನೆ. ಒಂಬತ್ತು ಮನೆ ಅಂದುಕೋ. ಸಾವಿರದ ಲೆಕ್ಕದಲ್ಲಿ ಆದಾಯ 8, 9, 9, 10, 11, 12, 12, 14, ಕೊನೆಯದು 150. ಸರಾಸರಿ 26 ಸಾವಿರ. ಆ ಒಂಬತ್ತರಲ್ಲಿ 26 ಸಾವಿರದ ಹತ್ತಿರ ಸುಳಿಯುವ ಮನೆ ಒಂದೂ ಇಲ್ಲ. ಡೀವಿಯೇಶನ್ 46 ಸಾವಿರ ದಾಟುತ್ತದೆ. ಮಧ್ಯಾಂಕ, ಅಂದರೆ ಸಾಲಾಗಿ ಇಟ್ಟಾಗ ನಟ್ಟನಡುವೆ ಬರುವ ಅಂಕಿ, 11 ಸಾವಿರ, ಅದು ನಿಜದ ಹತ್ತಿರ. ಅಡಿಕೆ ತೋಟದ ಸರ್ವೆಯಲ್ಲೂ ಇದೇ ಕಥೆ, ಹತ್ತು ಗುಂಟೆಯವರನ್ನೂ ಹತ್ತು ಎಕರೆಯವರನ್ನೂ ಕೂಡಿಸಿ ಸರಾಸರಿ ಎಕರೆ ಅಂತ ಬರೆಯುತ್ತಾರೆ. ಆದಾಯ, ಜಮೀನು, ಸಾಲ, ಈ ಮೂರಕ್ಕೆ ಮಧ್ಯಾಂಕ ಕೊಡು.

ಬೈತಖೋಲ್ ಬಲೆ:
ತಿಂಗಳ ಆದಾಯ ಅಂತ ಕೇಳಿದರೆ ನಮ್ಮ ತಾಯಿಯೂ ಬಾಯಿಗೆ ಬಂದ ಅಂಕಿ ಹೇಳುತ್ತಾರೆ. ತಿಂಗಳ ಲೆಕ್ಕ ಯಾರು ಇಟ್ಟಿರುತ್ತಾರೆ? ಇವತ್ತು ಎಷ್ಟಕ್ಕೆ ಮೀನು ಎತ್ತಿದಿರಿ, ಐಸಿಗೆ ಎಷ್ಟು, ಟೆಂಪೋಗೆ ಎಷ್ಟು, ಎಷ್ಟಕ್ಕೆ ಮಾರಿತು, ಉಳಿದದ್ದು ಏನಾಯಿತು ಅಂತ ಕೇಳಿ. ರೂಪಾಯಿ ರೂಪಾಯಿ ಲೆಕ್ಕ ಹೇಳುತ್ತಾರೆ. ನಾಲ್ಕು ಬೇರೆ ಬೇರೆ ದಿನ ಕೇಳಿ.

ಕೋಡಿಬಾಗದ ಹುಡುಗಿ:
ಗೈಡ್ ಹತ್ತಿರ ಮಾತಾಡಿದೆ. ಮೊದಲು ಸ್ವಲ್ಪ ಗರಂ ಆದರು, ಆಮೇಲೆ ಒಪ್ಪಿದರು. ಸಿನಾಪ್ಸಿಸ್ ಬದಲಾಯಿಸಲು ಬರುವುದಿಲ್ಲವಂತೆ. ವಿಧಾನದ ಅಧ್ಯಾಯದಲ್ಲಿ ಅನುಕೂಲದ ಮಾದರಿ ಅಂತ ಸ್ಪಷ್ಟ ಬರೆದು, ಜೂನ್, ನಿಷೇಧದ ಅವಧಿ, ಮೀಟಿಂಗಿನಲ್ಲಿ ಕೇಳಿದ್ದು, ಎಲ್ಲ ಮಿತಿಗಳಲ್ಲಿ ಹಾಕುತ್ತೇನೆ. ಟೇಬಲ್ ಎರಡು ಭಾಗ ಮಾಡಿ ಕೊಡುತ್ತೇನೆ. ಪಿ ವ್ಯಾಲ್ಯೂ ಮೊದಲ ಸಾಲಿನದೇ, ಆದರೆ ಸಾಬೀತಾಯಿತು ಅನ್ನುವ ಪದ ತೆಗೆದಿದ್ದೇನೆ. ಹತ್ತು ಜನರ ಮಾತುಕತೆ ಬೇರೆ ಅಧ್ಯಾಯ. ಈಗ ಬೋಟುಗಳೂ ಇಳಿದಿವೆ, ಜೂನಲ್ಲಿ ಕೇಳಿದವರಲ್ಲೇ ಕೆಲವರನ್ನು ಮತ್ತೆ ಕೇಳುತ್ತೇನೆ.

ನಮ್ಮ ಲ್ಯಾಬಿನ ಎಸ್‌ಪಿಎಸ್‌ಎಸ್ ಲೈಸೆನ್ಸ್ ಮುಗಿಯುತ್ತಾ ಬಂದಿದೆ. ಮನೆಯ ಲ್ಯಾಪ್‌ಟಾಪಿಗೆ ದುಡ್ಡಿಲ್ಲದೆ ಏನಾದರೂ ಸಿಗುತ್ತದಾ?

ರಾತ್ರಿಬಸ್ಸು:
ಜಮೋವಿ ಅಥವಾ ಜಾಸ್ಪ್ ಹಾಕಿಕೊಳ್ಳಿ. ಎರಡೂ ಉಚಿತ, ಎಸ್‌ಪಿಎಸ್‌ಎಸ್ ಫೈಲ್ ನೇರ ತೆರೆಯುತ್ತವೆ, ಒತ್ತುವುದೂ ಹೆಚ್ಚುಕಮ್ಮಿ ಹಾಗೇ. ಫಾರಂ ಮೊಬೈಲಿನಲ್ಲಿ ತುಂಬುವುದಾದರೆ ಕೋಬೋ ಟೂಲ್‌ಬಾಕ್ಸ್. ಕನ್ನಡದಲ್ಲಿ ಪ್ರಶ್ನೆ ಹಾಕಬಹುದು, ನೆಟ್‌ವರ್ಕ್ ಇಲ್ಲದ ಕಡೆಯೂ ತುಂಬಿಟ್ಟು ಆಮೇಲೆ ಕಳಿಸಬಹುದು. ಹೆಸರು, ಫೋನ್ ನಂಬರ್ ಇರುವ ಕಾಲಂ ಬೇರೆ ಫೈಲಿನಲ್ಲಿ ಇಡಿ, ಅದನ್ನು ಗೈಡಿಗೂ ಮೇಲ್ ಮಾಡಬೇಡಿ.

ಬೈತಖೋಲ್ ಬಲೆ:
ಮತ್ತೆ ಮಾರ್ಕೆಟ್ಟಿಗೆ ಹೋಗುವುದಾದರೆ ಬೆಳಿಗ್ಗೆ ಬೇಡ. ಆ ಹೊತ್ತಿಗೆ ಗಿರಾಕಿ ಬಿಟ್ಟು ಯಾರೂ ನಿಮ್ಮ ಜೊತೆ ಮಾತಾಡುವುದಿಲ್ಲ, ತಪ್ಪಿಸಿಕೊಳ್ಳಲು ಹೌದು ಹೌದು ಅಂದುಬಿಡುತ್ತಾರೆ. ಮಧ್ಯಾಹ್ನ ಒಂದೂವರೆ ನಂತರ ಬನ್ನಿ. ಭಾನುವಾರ, ಬುಧವಾರ ಬಿಟ್ಟು.